ಅಕ್ಕನ ಮೂಳೆ

ಅಕೊಸೀತಾಳ ಕಾಲು ಮುರಿದದ್ದು ಒಂದು ಹಂದಿಯಿಂದ. ಹಂದಿಗೇನೂ ಆಗಲಿಲ್ಲ. ಅದು ತನ್ನ ಏಳು ಮರಿಗಳನ್ನು ಹಿಂದೆ ಕಟ್ಟಿಕೊಂಡು, ರಸ್ತೆ ತನ್ನಪ್ಪನ ಆಸ್ತಿಯೆಂಬಂತೆ ನಿಧಾನವಾಗಿ ದಾಟಿ, ಆಚೆ ಬದಿಯ ಗೆಣಸಿನ ತೋಟಕ್ಕೆ ಹೋಗಿ ಮೂತಿ ಹಾಕಿತು. ಅದನ್ನು ಉಳಿಸಲು ಹೋದ ಲಾರಿ ಚರಂಡಿಗೆ ಮಗುಚಿಕೊಂಡಿತು. ಲಾರಿಯ ಹಿಂದೆ ಹನ್ನೊಂದು ಹೆಂಗಸರಿದ್ದರು. ನಾರುಬಟ್ಟೆಗೆಂದು ತೋಟದಲ್ಲಿ ತೊಗಟೆ ಸುಲಿದು ಹೊರೆ ಕಟ್ಟಿಕೊಂಡು ಊರಿಗೆ ಮರಳುತ್ತಿದ್ದರು. ಹತ್ತು ಮಂದಿ ತರಚುಗಾಯದಲ್ಲಿ ಪಾರಾದರು. ಅಕೊಸೀತಾ ಮಾತ್ರ, ಎಂದಿನಂತೆ, ಎಲ್ಲರಿಗಿಂತ ಹಿಂದೆ ಲಾರಿಯ ಹಲಗೆಯ ಮೇಲೆ ಕೂತು, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹಾಡು ಹೇಳಿಕೊಡುತ್ತಿದ್ದಳು. ಅದೇ ಹಲಗೆ ಕಳಚಿ ಅವಳ ಎಡತೊಡೆಯ ಮೇಲೆ ಬಿತ್ತು.

ಶನಿವಾರ ಮಧ್ಯಾಹ್ನ. ದೊಡ್ಡಾಸ್ಪತ್ರೆಯಲ್ಲಿ ಅವತ್ತು ಕೆಲಸದ ಮೇಲಿದ್ದವನು ಡಾಕ್ಟರ್ ಮನಾಸೆ. ಮೆಲ್ಬೋರ್ನಿಗೆ ಹೋಗಿ ಎರಡು ವರ್ಷ ಮೂಳೆಯ ವಿದ್ಯೆಯನ್ನೇ ಓದಿ ಬಂದವನು ದ್ವೀಪದಲ್ಲಿ ಅವನೊಬ್ಬನೇ. ಲಾರಿ ಬಿದ್ದ ಸುದ್ದಿ ಕೇಳಿ ಕೈ ತೊಳೆದು ಅವನು ಹೊರಬರುವಷ್ಟರಲ್ಲಿ ನರ್ಸ್ ತಿಲೀಸಾ ಬಾಗಿಲಿಗೆ ಅಡ್ಡ ನಿಂತಳು. ತಿಲೀಸಾಳ ಗಾತ್ರಕ್ಕೆ ಬಾಗಿಲು ತುಂಬಿತು.

"ನೀವು ಬರಬೇಡಿ ಡಾಕ್ಟ್ರೇ."

"ಯಾಕೆ, ಯಾರಾದ್ರೂ ಹೋಗಿಬಿಟ್ರಾ?"

"ಇಲ್ಲ. ಬಂದಿರೋದು ನಿಮ್ಮಕ್ಕ. ಪೆಟ್ಟು ಬಿದ್ದಿರೋದು ಮೊಣಕಾಲಿಗಿಂತ ಮೇಲೆ."

ಮನಾಸೆ ಅಲ್ಲೇ ನಿಂತ. ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

ಅಕ್ಕತಂಗಿಯರೆಂದರೆ ನಮ್ಮ ದ್ವೀಪದಲ್ಲಿ ಹಾಗೆ. ಮನಾಸೆಗೆ ಹತ್ತು ತುಂಬಿದ ವಾರ ಅವನಮ್ಮ ಅವನ ಚಾಪೆ ಸುತ್ತಿ ಹಿತ್ತಿಲ ಗುಡಿಸಲಿಗೆ ಹಾಕಿದಳು. ಅಕ್ಕ ಮಲಗುವ ಸೂರಿನಡಿ ಅವನು ಮತ್ತೆ ಮಲಗಲಿಲ್ಲ. ಅವಳು ಕೂತ ಕೋಣೆಯಲ್ಲಿ ಕೂರಲಿಲ್ಲ, ಅವಳೆದುರು ಪೋಲಿ ಮಾತಾಡಲಿಲ್ಲ, ಅವಳ ಮುಡಿ, ಅವಳ ಬಟ್ಟೆ ಯಾವುದನ್ನೂ ಮುಟ್ಟಲಿಲ್ಲ. ಅವಳಿಗೆ ಮದುವೆಯಾಗಿ ಮೂರು ಮಕ್ಕಳಾದವು, ಇವನಿಗೆ ಇಬ್ಬರಾದರು. ಆದರೂ ಇವತ್ತಿಗೂ ಏನಾದರೂ ಹೇಳಬೇಕೆಂದರೆ ಇವನ ಹೆಂಡತಿ ಅಲ್ಲಿಗೆ ಹೋಗಿ ಹೇಳಿ ಬರಬೇಕು. ಅಂದರೆ ಪ್ರೀತಿಯಿಲ್ಲವೆಂದಲ್ಲ. ಅವನ ಮಗಳ ಮೊದಲ ಹುಟ್ಟುಹಬ್ಬಕ್ಕೆ ಎಲ್ಲಕ್ಕಿಂತ ದೊಡ್ಡ ಹಂದಿ, ಎಲ್ಲಕ್ಕಿಂತ ನಯವಾದ ಚಾಪೆ ಸೋದರತ್ತೆ ಅಕೊಸೀತಾಳ ಪಾಲಿಗೇ ಹೋಯಿತು. ಅವಳು ಹೊರಡುವಾಗ ಅದೆಲ್ಲವನ್ನೂ ಲಾರಿಗೆ ಹೊತ್ತು ಹಾಕಿದವನು ಮನಾಸೆಯೇ, ತಲೆ ಬಗ್ಗಿಸಿಕೊಂಡು. ಅವನಿಗೆ ಅದರಲ್ಲಿ ಹೆಮ್ಮೆ ಇತ್ತು. ಅಂಥ ಅಕ್ಕನ ತೊಡೆಯನ್ನು ನೋಡುವುದೆಂದರೆ! ತಿಲೀಸಾ ಕೂಡ, ಮೂವತ್ತು ವರ್ಷ ನರ್ಸಾಗಿ ಏನೇನೋ ನೋಡಿದವಳು, ಅವನೆದುರು ಆ ಪದ ಬಾಯಿಂದ ಬಿಡದೆ "ಮೊಣಕಾಲಿಗಿಂತ ಮೇಲೆ" ಅಂದಿದ್ದಳು.

ಎಕ್ಸ್‌ರೇ ಹಾಳೆ ಬಂತು. ಅದನ್ನು ನೋಡಬಹುದೇ ಬಾರದೇ ಎಂಬ ಯೋಚನೆಯಲ್ಲೇ ಮನಾಸೆ ಐದು ನಿಮಿಷ ಕಳೆದ. ಕೊನೆಗೆ ತಿಲೀಸಾಳ ಕೈಯಲ್ಲಿ ಎರಡು ಕಂದು ಕಾಗದ ತರಿಸಿ, ಮಾಂಸದ ಮಸುಕು ನೆರಳು ಮುಚ್ಚುವ ಹಾಗೆ ಎರಡೂ ಬದಿಗೆ ಅಂಟಿಸಲು ಹೇಳಿದ. ನಡುವೆ ಮೂಳೆಯೊಂದೇ ಉಳಿಯಿತು. ಅದನ್ನು ಕಿಟಕಿಗೆ ಹಿಡಿದು ನೋಡಿದ.

ತೊಡೆಯ ಮೂಳೆ ನಡುಭಾಗದಲ್ಲಿ ಒಡೆದಿತ್ತು. ಮೇಲೊಂದು ತುದಿ, ಕೆಳಗೊಂದು ತುದಿ, ನಡುವೆ ಮೂರು ಚೂರು. ಚರ್ಮ ಹರಿದಿಲ್ಲವೆಂದು ತಿಲೀಸಾ ಹೇಳಿದಳು. ನೋಡಿದವರಿಗೆ ಎದೆ ಧಸಕ್ಕೆನ್ನುವ ಚಿತ್ರ, ಆದರೆ ಮನಾಸೆಗೆ ನಿಜಕ್ಕೂ ಉಸಿರು ಬಂತು. ಮೂರೂ ಚೂರು ದೂರ ಸರಿದಿರಲಿಲ್ಲ, ಅಂದರೆ ಇನ್ನೂ ಮಾಂಸಕ್ಕೆ ಅಂಟಿಕೊಂಡೇ ಇದ್ದವು. ಮೂಳೆ ಕೂಡಲು ಬೇಕಾದದ್ದು ಅದೇ. ಅವನು ಮೆಲ್ಬೋರ್ನಿನಲ್ಲಿ ಎರಡು ವರ್ಷ ಕಲಿತದ್ದನ್ನೆಲ್ಲ ಹಿಂಡಿದರೆ ಇಷ್ಟೇ ಉಳಿಯುತ್ತಿತ್ತು: ಮೂಳೆ ಬಡಗಿಯ ಮರದ ತುಂಡಲ್ಲ, ಅದಕ್ಕೂ ರಕ್ತ ಬೇಕು. ಆ ರಕ್ತ ಬರುವುದು ಸುತ್ತಲಿನ ಮಾಂಸದಿಂದ, ಮೇಲೆ ಅಂಟಿರುವ ತೆಳ್ಳನೆಯ ಪೊರೆಯಿಂದ. ಚೂರುಗಳನ್ನು ಮುಟ್ಟದೆ, ಪೊರೆಯನ್ನು ಕೆರೆಯದೆ, ಮೇಲೆ ಕೆಳಗೆ ಎರಡು ಸಣ್ಣ ಕಂಡಿ ಮಾಡಿ ಉಕ್ಕಿನ ಪಟ್ಟಿಯನ್ನು ಮಾಂಸದಡಿ ಜಾರಿಸಿ, ಎರಡು ತುದಿಗೆ ಮಾತ್ರ ಸ್ಕ್ರೂ ಹಾಕಿಬಿಟ್ಟರೆ ನಡುವಿನ ಚೂರುಗಳು ತಾವೇ ಒಂದನ್ನೊಂದು ಹುಡುಕಿಕೊಂಡು ಕೂಡುತ್ತವೆ. ಅವನ ಕೈಗೆ ಅದು ಒಂದೂವರೆ ಗಂಟೆಯ ಕೆಲಸ. ಮೂರು ವರ್ಷದಲ್ಲಿ ಇಪ್ಪತ್ತಾರು ಜನಕ್ಕೆ ಮಾಡಿದ್ದ. ಇಪ್ಪತ್ತಾರೂ ಜನ ಎದ್ದು ಓಡಾಡುತ್ತಿದ್ದರು.

ಅಕ್ಕನಿಗೆ ಮಾಡುವ ಹಾಗಿರಲಿಲ್ಲ.

ಉಳಿದವರು ಡಾಕ್ಟರ್ ಸೈಮೊನೆ. ಅರವತ್ತೊಂದು ವರ್ಷ, ಆಸ್ಪತ್ರೆಯ ಹಿರಿಯ ಸರ್ಜನ್, ಮನಾಸೆಯನ್ನು ಪತ್ರ ಬರೆದು ಬರೆದು ಮೆಲ್ಬೋರ್ನಿಗೆ ಕಳಿಸಿದವರೂ ಅವರೇ. ಹೊಟ್ಟೆ, ಗಂಟಲು, ಹೆರಿಗೆ, ಮೂಳೆ, ಕೈಗೆ ಬಂದದ್ದನ್ನೆಲ್ಲ ಕೊಯ್ದು ಹೊಲಿದು ದ್ವೀಪದ ಅರ್ಧ ಜನವನ್ನು ಉಳಿಸಿದ ಮನುಷ್ಯ. ಆದರೆ ಮೂಳೆಯ ವಿಷಯದಲ್ಲಿ ಅವರದು ಹಳೆಯ ಪಾಠ. ತೊಡೆಯನ್ನು ಉದ್ದಕ್ಕೆ ತೆರೆಯಬೇಕು, ಪ್ರತಿ ಚೂರನ್ನೂ ಹೊರಗೆ ತೆಗೆದು ಫಳಫಳ ಅನ್ನುವ ಹಾಗೆ ಕೆರೆದು ತೊಳೆಯಬೇಕು, ಕೂದಲೆಳೆಯಷ್ಟೂ ಸಂದು ಕಾಣದಂತೆ ಜೋಡಿಸಿ ಬಿಗಿಯಬೇಕು. ಅವರ ಕೋಣೆಯ ಗೋಡೆಯ ತುಂಬ ಅಂಥ ಎಕ್ಸ್‌ರೇಗಳಿದ್ದವು. ನೋಡಲು ಬಲು ಚೆಂದ, ಮುರಿದೇ ಇರಲಿಲ್ಲವೇನೋ ಎಂಬಂತೆ. ಆಮೇಲೆ ಕೂಡದೆ ಹೋದ ಮೂಳೆಗಳ ಎಕ್ಸ್‌ರೇ ಗೋಡೆಯ ಮೇಲಿರಲಿಲ್ಲ. ಅವರೆಲ್ಲ ಬೀಡಿ ಸೇದಿದವರು, ಬೇಗ ಎದ್ದು ನಡೆದವರು ಎಂದು ಸೈಮೊನೆ ನಂಬಿದ್ದರು.

"ಸರ್, ತೂಕ ಕಟ್ಟಿ ಎಳೆದು ಮಲಗಿಸೋಣ," ಅಂದ ಮನಾಸೆ. "ಆರೇಳು ವಾರ. ಸ್ವಲ್ಪ ಸೊಟ್ಟಗಾದ್ರೂ ತಾನಾಗೇ ಕೂಡತ್ತೆ. ಕೊಯ್ಯೋದೇ ಬೇಡ."

"ಹೆಂಗಸರ ವಾರ್ಡಿನಲ್ಲಾ?" ಸೈಮೊನೆ ಕನ್ನಡಕ ತೆಗೆದರು. "ಕಾಲು ಮೇಲಕ್ಕೆ ನೇತುಹಾಕಿ ಏಳು ವಾರ? ದಿನಾ ಬೆಳಗ್ಗೆ ರೌಂಡ್ಸಿಗೆ ನೀನು ಅದೇ ವಾರ್ಡು ದಾಟಬೇಕಲ್ಲಯ್ಯ, ಕಣ್ಣಿಗೆ ಬಟ್ಟೆ ಕಟ್ಕೊಂಡು ದಾಟ್ತೀಯಾ? ನೋಡೋಕೆ ಬಂದ ಊರವರು ಏನಂತಾರೆ?"

"ಹಾಗಾದ್ರೆ ಆಕ್ಲೆಂಡಿಗೆ ಕಳಿಸೋಣ."

"ಇಲ್ಲಿ ಆಗೋ ಕೆಲಸಕ್ಕೆ ಅಲ್ಲಿಗೆ ಕಳಿಸ್ತಾರಾ? ಹೊರದೇಶಕ್ಕೆ ಕಳಿಸೋ ಕಮಿಟಿಯವರು ಮೊದಲು ಕೇಳೋದೇ, ಮನಾಸೆ ಅಲ್ಲೇ ಇದ್ದಾನಲ್ಲ ಅಂತ."

ಮನಾಸೆ ನೆಲ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿಕೊಂಡ. "ಹಾಗಿದ್ರೆ ಒಂದೇ ಮಾತು ಸರ್. ನನ್ನ ಪದ್ಧತಿಯಲ್ಲೇ ಮಾಡಿ. ನೀವು ನನ್ನ ಜೊತೆ ನಿಂತು ಹತ್ತು ಸಲ ನೋಡಿದ್ದೀರಿ. ಸಣ್ಣ ಕಂಡಿ ಎರಡು. ಚೂರು ಮುಟ್ಟೋದು ಬೇಡ."

"ಬೇರೆಯವರಿಗೆ ಆಗಿದ್ರೆ ಮಾಡ್ತಿದ್ದೆ," ಅಂದರು ಸೈಮೊನೆ. ಅವರ ದನಿಯಲ್ಲಿ ಹಟ ಇರಲಿಲ್ಲ, ಮಮತೆ ಇತ್ತು. ಅದೇ ಮನಾಸೆಯ ಬಾಯಿ ಕಟ್ಟಿಹಾಕಿತು. "ನಿನ್ನಕ್ಕ ಕಣಯ್ಯ ಅವಳು. ನಿಮ್ಮಪ್ಪನ ಮನೆಯ ಹಿರೀಮಗಳು. ಅವಳಿಗೆ ಅರ್ಧಂಬರ್ಧ ಕೆಲಸ ಮಾಡಿ ಕೊಡೋದಾ? ಚೂರು ಚೂರು ಹಾಗೇ ಬಿಟ್ಟು, ಮೇಲೊಂದು ತೇಪೆ ಹಾಕಿ? ನಾಳೆ ಎಕ್ಸ್‌ರೇ ನೋಡಿದವರು, ಸೈಮೊನೆಗೆ ಇವಳ ಮೇಲೆ ಇಷ್ಟೇನಾ ಮರ್ಯಾದೆ ಅಂತ ಕೇಳಲ್ವಾ? ನನ್ನ ಜೀವಮಾನದಲ್ಲೇ ಇಷ್ಟು ಚೆಂದ ಮಾಡಿಲ್ಲ ಅನ್ನೋ ಹಾಗೆ ಮಾಡಿಕೊಡ್ತೀನಿ, ನೋಡ್ತಿರು."

ಅಕ್ಕನಿಗೆ ಕೊಡುವುದು ಎಲ್ಲಕ್ಕಿಂತ ಚೆಂದದ್ದೇ ಆಗಬೇಕು ಎಂದು ಹುಟ್ಟಿದಾಗಿನಿಂದ ಕಲಿತವನೇ ಮನಾಸೆಯೂ. ಬೇರೆಯವರಿಗೆ ಸೈಮೊನೆ ಅವನ ಮಾತು ಕೇಳುತ್ತಿದ್ದರು, "ಸೋಮಾರಿಗಳ ಪದ್ಧತಿ ನಿಂದು" ಎಂದು ಗೊಣಗಿಕೊಂಡಾದರೂ. ಅಕ್ಕನ ಮೇಲಿನ ಗೌರವವೇ ಅಕ್ಕನ ಕಾಲಿಗೆ ಮುಳುವಾಗಿ ನಿಂತಿತ್ತು.

ಭಾನುವಾರ ಯಾರೂ ಕೆಲಸ ಮುಟ್ಟುವುದಿಲ್ಲ. ಸೋಮವಾರದ ತನಕವೆಂದು ಅಕೊಸೀತಾಳ ಕಾಲಿಗೆ ತೂಕ ಕಟ್ಟಿ, ಸುತ್ತ ನಾರುಬಟ್ಟೆಯ ತೆರೆ ಎಳೆದು ಮಲಗಿಸಿದ್ದರು. ಇಗರ್ಜಿ ಮುಗಿದ ಮೇಲೆ ಊರಿನ ಹಾಡುಗಾರರೆಲ್ಲ ಮರ್ಯಾದೆಯ ಉಡುಪೆಂದು ಸೊಂಟಕ್ಕೆ ಚಾಪೆ ಸುತ್ತಿಕೊಂಡು ಬಂದು ವಾರ್ಡಿನಲ್ಲಿ ಸಾಲಾಗಿ ಕೂತು ಹಾಡಿದರು. ತೆರೆಯ ಒಳಗಿನಿಂದ ಅಕೊಸೀತಾ, "ಗಂಡಸರ ದನಿ ಎಲ್ಲೋ, ಗೆಣಸು ತಿಂದು ಮಲಗಿಬಿಟ್ರಾ?" ಎಂದು ರೇಗಿಸಿದಳು. ಮನಾಸೆ ವಾರ್ಡಿನ ಹೊರಗೆ, ಬೇಯಿಸಿದ ಕೆಸುವಿನೆಲೆಯ ಬುತ್ತಿ ಕೈಯಲ್ಲಿ ಹಿಡಿದು, ಗೋಡೆಗೊರಗಿ ನಿಂತಿದ್ದ. ತಿಲೀಸಾ ಬಂದು ಬುತ್ತಿ ತೆಗೆದುಕೊಂಡಳು.

"ಒಂದು ಹೇಳ್ಲಾ ಡಾಕ್ಟ್ರೇ? ಬಯ್ಯಬಾರದು. ನಾನು ಅವಳನ್ನ ತಲೆಯಿಂದ ಬೆರಳಿನ ತನಕ ಹಸಿರು ಬಟ್ಟೆಯಲ್ಲಿ ಮುಚ್ಚಿಬಿಡ್ತೀನಿ. ಒಂದು ಅಂಗೈಯಷ್ಟು ಜಾಗ ಬಿಡ್ತೀನಿ. ಅದು ಯಾರದು ಅಂತ ದೇವರಿಗೂ ಗೊತ್ತಾಗಲ್ಲ. ನೀವು ಬಂದು ಕೆಲಸ ಮಾಡಿ ಹೋಗಿ."

"ನನಗೆ ಗೊತ್ತಿರತ್ತಲ್ಲ ತಿಲೀಸಾ."

"ಅವಳನ್ನೇ ಒಂದು ಮಾತು ಕೇಳ್ಲಾ ಹಾಗಾದ್ರೆ? ನಾನೇ ಕೇಳ್ತೀನಿ, ನೀವು ಕೇಳಿದ್ದು ಅಂತ ಹೇಳಲ್ಲ."

ಮನಾಸೆಯ ಮುಖ ಕೆಂಪಾಯಿತು. "ಬೇಡ. ಕೇಳೋದೇ ಅವಮಾನ. ನಿನ್ನ ತಮ್ಮ ನಿನ್ನ ನೋಡ್ತಾನಂತೆ, ಆಗಬಹುದಾ ಅಂತ ಕೇಳ್ತೀಯಾ? ಅವಳು ಹೂಂ ಅಂದ್ರೂ ಕಷ್ಟ, ಉಹೂಂ ಅಂದ್ರೂ ಕಷ್ಟ. ನೋವಲ್ಲಿ ಮಲಗಿರೋಳ ಮೇಲೆ ಆ ಭಾರ ಬೇರೆ ಹಾಕಬೇಡ."

ತಿಲೀಸಾ ಬುತ್ತಿಯ ಮುಚ್ಚಳ ಎತ್ತಿ ಮೂಸಿ ನೋಡಿದಳು. "ಗಂಡಸರು ಅನ್ನೋರು ಬೇರೆಯವರ ಮನಸ್ಸಿನ ಉತ್ತರಾನೂ ತಾವೇ ಬರೆದಿಡ್ತಾರಪ್ಪ," ಎಂದು ಒಳಗೆ ಹೋದಳು.

ಸೋಮವಾರ ಬೆಳಗ್ಗೆ ಎಂಟಕ್ಕೆ ಅಕೊಸೀತಾಳನ್ನು ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋದರು. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮಾತ್ರ ಜೋಮು ಹಿಡಿಸಿದ್ದರು, ಅವಳಿಗೆ ಎಚ್ಚರವಿತ್ತು. ಥಿಯೇಟರಿನ ಬಾಗಿಲಿಗೆ ಒಂದು ದುಂಡನೆಯ ಗಾಜಿತ್ತು. ಮನಾಸೆ ತಾನೇ ಅದಕ್ಕೆ ಕಂದು ಕಾಗದ ಅಂಟಿಸಿದ. ಬಾಗಿಲನ್ನು ನಾಲ್ಕು ಬೆರಳು ತೆರೆದಿಟ್ಟು, ಬೆನ್ನು ಒಳಗೆ ಮಾಡಿ, ಮುಖ ಗೋಡೆಗೆ ಮಾಡಿ ನಿಂತ. ಒಳಗೆ ಅಕ್ಕ ಒಂದು ಭಕ್ತಿಗೀತೆಯನ್ನು ತನ್ನಷ್ಟಕ್ಕೆ ಗುನುಗುತ್ತಿದ್ದಳು.

ಅವಳ ಕಿವಿಗೆ ಬೀಳುವಂತೆ ಅವಳ ಅಂಗಾಂಗದ ಹೆಸರು ಹೇಳುವ ಹಾಗಿಲ್ಲ. ಅಷ್ಟು ದೊಡ್ಡ ವಿದ್ಯೆ ಕಲಿತ ಮನಾಸೆ ಅವತ್ತು ಅದು, ಇದು, ಅಲ್ಲಿ, ಇಲ್ಲಿ ಎನ್ನುವ ನಾಲ್ಕು ಪದಗಳಲ್ಲೇ ಇಡೀ ಆಪರೇಷನ್ ನಡೆಸಬೇಕಾಯಿತು.

"ಸರ್, ಎಷ್ಟು ಉದ್ದ ತೆರೆದಿರಿ?"

"ಬೇಕಾದಷ್ಟು," ಅಂದರು ಸೈಮೊನೆ ಒಳಗಿನಿಂದ.

"ನಡುವಿನ ಮೂರನ್ನ ಮುಟ್ಟಬೇಡಿ ಸರ್. ಅವು ಇದ್ದಲ್ಲೇ ಇರಲಿ. ಅವಕ್ಕೆ ರಕ್ತ ಅಲ್ಲಿಂದಲೇ ಬರೋದು."

"ನೋಡ್ದೆ ಕೂಡಿಸೋದು ಹ್ಯಾಗಯ್ಯ? ಸುಮ್ನಿರು ಸ್ವಲ್ಪ."

ಆಮೇಲೆ ಆ ಸದ್ದು ಶುರುವಾಯಿತು. ಕರ್ರ್, ಕರ್ರ್. ತೆಂಗಿನಕಾಯಿ ಹೋಳಿನ ಬೆನ್ನಿಗಂಟಿದ ನಾರನ್ನು ಕತ್ತಿಯಿಂದ ಹೆರೆದ ಹಾಗೆ. ಬೇರೆ ಯಾರಾದರೂ ಆ ಸದ್ದನ್ನು ಗಮನಿಸುತ್ತಿರಲಿಲ್ಲ. ಚಪ್ಪಟೆ ಉಳಿ ಮೂಳೆಯ ಮೇಲೆ ಓಡುತ್ತ ಪೊರೆಯನ್ನು ಸುಲಿಯುವ ಸದ್ದು ಅದು ಎಂದು ಮನಾಸೆಗೆ ಗೊತ್ತಿತ್ತು. ಪ್ರತಿ ಕರ್ರ್‌ಗೂ ಬೆರಳಗಲ ಮೂಳೆ ತನ್ನ ರಕ್ತ ಕಳೆದುಕೊಳ್ಳುತ್ತಿತ್ತು.

"ಸಾಕು ಸರ್. ದಮ್ಮಯ್ಯ, ಅಷ್ಟು ಸಾಕು."

"ಇನ್ನೊಂಚೂರು. ಬಟ್ಟೆ ಒಗೆದ ಹಾಗೆ ಆಗಬೇಕು."

ಸಾಮಾನು ತರುವ ನೆಪದಲ್ಲಿ ತಿಲೀಸಾ ಹೊರಗೆ ಬಂದಳು. ಅವಳ ಮುಖಕ್ಕೆ ಕಟ್ಟಿದ ಬಟ್ಟೆಯ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಅವನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು.

"ಎರಡನೇದನ್ನ ಹೊರಗೆ ತೆಗೆದು ಬಟ್ಟಲಿಗೆ ಹಾಕಿದ್ರು. ಉಪ್ಪುನೀರಲ್ಲಿ ತೊಳೀತಿದ್ದಾರೆ."

"ಬಟ್ಟಲಿಗಾ?"

"ಮೂರನೇದೂ ಬಿಡ್ತಾ ಇದೆ."

ಮನಾಸೆ ತಿರುಗಿದ. ಮೂರನೆಯದಾದರೂ ಉಳಿಯಬಹುದಿತ್ತು. ಒಂದು ಕಡೆ ಮಾಂಸ ಹಿಡಿದಿದ್ದರೂ ಸಾಕು, ಅದು ಬದುಕಿ, ಉಳಿದ ಎರಡಕ್ಕೂ ಜೀವ ಕೊಡಬಹುದಿತ್ತು. ಅವನ ಕೈ ಬಾಗಿಲ ಮೇಲೆ ಬಿತ್ತು. ಬಾಗಿಲು ಕಿರ್ ಎಂದು ಇನ್ನೊಂದು ಗೇಣು ಸರಿಯಿತು.

ಒಳಗೆ ಅಕ್ಕನ ಹಾಡು ತಟ್ಟನೆ ನಿಂತಿತು.

ಉಳಿಯ ಸದ್ದೂ ನಿಂತಿತ್ತು. ಆ ಮೌನದಲ್ಲಿ ಮನಾಸೆಗೆ ಕೇಳಿಸಿದ್ದು ಗದರಿಕೆ. ಬರುತ್ತೀಯಾ, ಅಷ್ಟೂ ನಾಚಿಕೆ ಬಿಟ್ಟೆಯಾ ಎಂದು ಅಕ್ಕ ಬಾಯಿ ಬಿಡದೆ ಕೇಳಿದ ಹಾಗಾಯಿತು. ಅವನು ಕೈ ಹಿಂದೆ ತೆಗೆದ. ಬಾಗಿಲನ್ನು ಮೊದಲಿನಷ್ಟಕ್ಕೇ ಎಳೆದ. ಸ್ವಲ್ಪ ಹೊತ್ತಿಗೆ ಒಳಗೆ ಮತ್ತೆ ಕರ್ರ್ ಎಂದಿತು. ಹಾಡು ಮಾತ್ರ ಮತ್ತೆ ಶುರುವಾಗಲಿಲ್ಲ. ಅವನು ಗೋಡೆಗೆ ಹಣೆ ಒತ್ತಿಕೊಂಡು ನಿಂತು ಅತ್ತ. ಬೆವರು ಒರೆಸಿಕೊಳ್ಳುವವನ ಹಾಗೆ ತೋಳಿನಿಂದ ಕಣ್ಣು ಒರೆಸಿಕೊಂಡ.

ಮೂರೂವರೆ ಗಂಟೆಯಾದ ಮೇಲೆ ಸೈಮೊನೆ ಹೊರಬಂದರು. ಬೆನ್ನು ಹಿಡಿದುಕೊಂಡಿದ್ದರು, ಮುಖ ಮಾತ್ರ ಮದುಮಗನದ್ದಾಗಿತ್ತು. ಸಂಜೆಯ ಎಕ್ಸ್‌ರೇ ಬಂದಾಗ ತಾವೇ ಎರಡೂ ಬದಿಗೆ ಕಾಗದ ಅಂಟಿಸಿ ತಂದು ಮನಾಸೆಯ ಕೈಗಿಟ್ಟರು. ಬಿರುಕು ಹುಡುಕಿದರೂ ಸಿಗದು, ಅಷ್ಟು ಚೆಂದ. ಹನ್ನೆರಡು ಸ್ಕ್ರೂ ಸಿಪಾಯಿಗಳಂತೆ ಸಾಲಾಗಿ ನಿಂತಿದ್ದವು.

"ಹ್ಯಾಗಿದೆ?"

"ಚೆನ್ನಾಗಿದೆ ಸರ್," ಅಂದ ಮನಾಸೆ.

ಆಮೇಲಿನ ತಿಂಗಳುಗಳು ಎಕ್ಸ್‌ರೇಯಿಂದ ಎಕ್ಸ್‌ರೇಗೆ ಕಳೆದವು. ಕೂಡುವ ಮೂಳೆಯ ಸುತ್ತ ಆರು ವಾರಕ್ಕೆ ಮಂಜಿನಂತೆ ಏನೋ ಕಟ್ಟಿಕೊಳ್ಳುತ್ತದೆ. ಅದು ಕಾಣಿಸಲಿಲ್ಲ. ಮೂರು ತಿಂಗಳಿಗೂ ಕಾಣಿಸಲಿಲ್ಲ. ಮೊದಲ ದಿನದ ಅದೇ ಚೆಂದದ ಚಿತ್ರ, ಬದಲಾವಣೆಯೇ ಇಲ್ಲ. ಸೈಮೊನೆಗೆ ಅದು ಗುಣದ ಲಕ್ಷಣ. "ನೋಡು, ಒಂದಿಷ್ಟೂ ಅಲುಗಾಡಿಲ್ಲ" ಅನ್ನುವರು. ಊರುಗೋಲು ಹಿಡಿದ ಅಕೊಸೀತಾ ಮನೆಯಂಗಳದಲ್ಲಿ ಮರದ ದಿಮ್ಮಿಯ ಮುಂದೆ ಹೆಂಗಸರನ್ನು ಕೂರಿಸಿ, ತಾನು ಕುರ್ಚಿಯಲ್ಲಿ ಕೂತು ನಾರುಬಟ್ಟೆಗೆ ತೊಗಟೆ ಬಡಿಯಿಸುತ್ತಿದ್ದಳು. "ಕುರ್ಚಿ ಮೇಲೆ ಕೂತು ಕೆಲಸ ಹೇಳೋದು ಇಷ್ಟು ಸುಖ ಅಂತ ಗೊತ್ತಿದ್ರೆ ಯಾವತ್ತೋ ಕಾಲು ಮುರ್ಕೊಳ್ತಿದ್ದೆ" ಎಂದು ನಗಿಸುತ್ತಿದ್ದಳಂತೆ. ಮನಾಸೆಗೆ ಅದನ್ನು ಹೆಂಡತಿ ಬಂದು ಹೇಳಿದಳು. ಅವನು ಊಟದ ತಟ್ಟೆ ಪಕ್ಕಕ್ಕಿಟ್ಟ. ಪ್ರತಿ ವಾರ ಹೆಂಡತಿಯ ಕೈಯಲ್ಲಿ ಹೇಳಿ ಕಳಿಸುತ್ತಿದ್ದ: ಭಾರ ಹಾಕಬೇಡ, ಭಾರ ಹಾಕಬೇಡ. ಸತ್ತ ಮೂಳೆಯನ್ನು ಉಕ್ಕು ಎಷ್ಟು ದಿನ ಹೊತ್ತೀತು?

ಐದನೆಯ ತಿಂಗಳು ಅವಳು ಅಡುಗೆಮನೆಯ ಹೊಸ್ತಿಲು ದಾಟುವಾಗ ಟಪ್ ಎಂದು ಸದ್ದಾಯಿತು. ಕಾಲಿನೊಳಗಿನ ಉಕ್ಕಿನ ಪಟ್ಟಿ ಎರಡು ತುಂಡಾಗಿತ್ತು.

ಸೈಮೊನೆ ಆ ಎಕ್ಸ್‌ರೇ ನೋಡಿದರು. ಮಾರನೆಯ ದಿನ ಒಂದು ಹಂದಿ, ತಮ್ಮ ತಾಯಿಯ ಕಾಲದ ಒಂದು ದೊಡ್ಡ ಚಾಪೆ ಹೊರಿಸಿಕೊಂಡು ಹೋಗಿ ಅಕೊಸೀತಾಳ ಅಂಗಳದಲ್ಲಿ, ಬಿಸಿಲಲ್ಲಿ, ತಪ್ಪೊಪ್ಪಿಕೊಳ್ಳಲು ತಲೆ ಬಗ್ಗಿಸಿ ಕೂತರು. ಅವಳ ಮಗಳು ಬಂದು ಎಬ್ಬಿಸುವ ತನಕ ಏಳಲಿಲ್ಲ. ಮನಾಸೆ ತನಗೆ ಅವರ ಮೇಲೆ ಸಿಟ್ಟು ಬರಲಿ ಎಂದು ಕಾದ. ಬರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಅಕೊಸೀತಾಳನ್ನು ಪಟ್ಟಿ ಮುರಿದ ದಿನವೇ ಮತ್ತೆ ವಾರ್ಡಿಗೆ ತಂದು ಅದೇ ತೆರೆಯ ಹಿಂದೆ ಮಲಗಿಸಿದ್ದರು. ಮಧ್ಯಾಹ್ನ ತಿಲೀಸಾ ಬಂದು ಮನಾಸೆಯನ್ನು ಕರೆದಳು.

"ನಿಮ್ಮಕ್ಕ ಕರೀತಾ ಇದ್ದಾಳೆ."

"ನನ್ನನ್ನಾ?"

"ಹೂಂ, ನಿಮ್ಮನ್ನೇ. ನಡುವೆ ನಾನು ಬೇಡವಂತೆ."

ಅವನು ತೆರೆಯ ಈಚೆ ನಿಂತು ಕೆಮ್ಮಿದ. ಇಪ್ಪತ್ತೆಂಟು ವರ್ಷದಲ್ಲಿ ಅಕ್ಕ ಅವನೊಡನೆ ನೇರವಾಗಿ ಮಾತಾಡಿದ್ದು ಅದೇ ಮೊದಲು. ಅವಳ ದನಿ ಎಂದಿನ ದೊಡ್ಡ ದನಿಯಾಗಿರಲಿಲ್ಲ.

"ಈ ಸಲ ನೀನೇ ಮಾಡೋ."

ಮನಾಸೆ ತೆರೆಯ ಮೇಲಿನ ಕಂದು ಗೆರೆಗಳನ್ನೇ ನೋಡುತ್ತ ನಿಂತ. "ಅಕ್ಕ, ಅದು... ನಾನು ಹ್ಯಾಗೆ..."

"ಹ್ಯಾಗೆ ಅಂತ ನಾನು ಹೇಳಿಕೊಡ್ಲಾ? ಡಾಕ್ಟರು ನೀನೋ ನಾನೋ?"

"ಹಾಗಲ್ಲ ಅಕ್ಕ. ನಿನಗೆ..."

"ನನಗೆ ಏನು? ಆವತ್ತೂ ಇದನ್ನೇ ಕಾಯ್ತಾ ಮಲಗಿದ್ದೆ ಕಣೋ. ಬಾಗಿಲು ಕಿರ್ ಅಂತಲ್ಲ, ಬಂದ ಅಂದ್ಕೊಂಡೆ. ಹಾಡೋದು ಕೂಡ ನಿಲ್ಲಿಸಿ ಉಸಿರು ಹಿಡಿದು ಮಲಗಿದೆ. ನೀನು ಮತ್ತೆ ಬಾಗಿಲು ಎಳ್ಕೊಂಡೆ."

"ಕರೀಬಹುದಾಗಿತ್ತಲ್ಲ ಅಕ್ಕ," ಅಂದ, ಸಣ್ಣ ಹುಡುಗನ ಹಾಗೆ.

"ಅಕ್ಕ ಕರೀತಾಳೇನೋ ಇಂಥದ್ದಕ್ಕೆ? ನೀನು ಕೇಳಬೇಕಿತ್ತು. ಕೇಳಿದ್ರೆ ಬಾ ಅಂತಿದ್ದೆ." ಸ್ವಲ್ಪ ತಡೆದು ಹೇಳಿದಳು, "ಹೋಗಲಿ ಬಿಡು. ಈಗ ಹೇಳು. ಕಾಲು ಉಳಿಯತ್ತಾ?"

ಸುಳ್ಳು ಹೇಳುವುದು ಅವನಿಂದಾಗಲಿಲ್ಲ. ರಕ್ತವಿಲ್ಲದೆ ಸತ್ತ ಮೂಳೆಯನ್ನು ಕತ್ತರಿಸಿ ತೆಗೆಯಬೇಕು ಅಂದ. ಮೇಲಿನ ತುದಿಯಲ್ಲೂ ಕೆಳಗಿನ ತುದಿಯಲ್ಲೂ ಕತ್ತರಿಸಿದ ಕಡೆ ಕೆಂಪಗೆ ರಕ್ತ ಜಿನುಗಬೇಕು. ಅಲ್ಲಿಗೆ ಜೀವಂತ ಮೂಳೆ ಸಿಕ್ಕಿತೆಂದು ಲೆಕ್ಕ. ಎರಡನ್ನೂ ಎಳೆದು ಕೂಡಿಸುತ್ತೇನೆ, ಕಾಲು ಅಷ್ಟು ಗಿಡ್ಡವಾಗುತ್ತದೆ.

"ಎಷ್ಟು ಗಿಡ್ಡ?"

"ನಾಲ್ಕು ಬೆರಳಿನ ಒಳಗೆ ಸಿಕ್ಕಿದ್ರೆ ಎತ್ತರದ ಚಪ್ಪಲಿ ಹಾಕ್ಕೊಂಡು ನಡೀಬಹುದು. ಅದಕ್ಕಿಂತ ಮೀರಿದ್ರೆ..." ಅವನು ನಿಲ್ಲಿಸಿದ.

"ಮೀರಿದ್ರೆ?"

"ಕೂಡಿಸೋಕೆ ಆಗಲ್ಲ ಅಕ್ಕ. ಕಾಲನ್ನೇ ತೆಗೀಬೇಕಾಗತ್ತೆ."

ತೆರೆಯ ಆಚೆ ಹಾಸಿಗೆ ಕಿರುಗುಟ್ಟಿತು. "ನಾಲ್ಕು ಬೆರಳು ಅಂದ್ರೆ ನಿನ್ನ ಬೆರಳೋ ನನ್ನ ಬೆರಳೋ? ನನ್ನದಾದ್ರೆ ದಪ್ಪ ಇದೆ, ಸ್ವಲ್ಪ ಜಾಸ್ತಿ ಸಿಗತ್ತೆ," ಅಂದಳು ಅಕೊಸೀತಾ. ನಗಲು ನೋಡಿದಳು, ಆಗಲಿಲ್ಲ.

ಗುರುವಾರ ಬೆಳಗ್ಗೆ ಬಾಗಿಲ ಗಾಜಿಗೆ ಕಾಗದ ಇರಲಿಲ್ಲ. ಬೆನ್ನಿನ ಸೂಜಿಯೇ ಸಾಕು, ಪೂರ್ತಿ ನಿದ್ದೆ ಬೇಡ ಎಂದು ಅಕೊಸೀತಾ ಹಟ ಹಿಡಿದಿದ್ದಳು. ತಮ್ಮ ಏನು ಮಾಡುತ್ತಾನೋ ತನಗೆ ಗೊತ್ತಾಗಬೇಕಂತೆ. ಅವಳ ಎದೆಯ ಮೇಲೆ ಅಡ್ಡವಾಗಿ ಹಸಿರು ಬಟ್ಟೆ ಕಟ್ಟಿದ್ದರು. ತಿಲೀಸಾ ಹೇಳಿದ ಮಾತಿನಂತೆ ಉಳಿದದ್ದನ್ನೆಲ್ಲ ಮುಚ್ಚಿ ಸ್ವಲ್ಪ ಜಾಗ ಮಾತ್ರ ಬಿಟ್ಟಿದ್ದಳು. ಎದುರು ಬದಿಗೆ ಸೈಮೊನೆ, ಕೊಕ್ಕೆ ಹಿಡಿದು ಮಾಂಸ ಸರಿಸಿಕೊಡಲು, ಕಿರಿಯರ ಹಾಗೆ ನಿಂತಿದ್ದರು. ಮನಾಸೆ ಒಳಗೆ ಬಂದ. ಕಣ್ಣು ತೆರೆದ. ನೋಡಿದ. ಆಕಾಶವೇನೂ ಕಳಚಿ ಬೀಳಲಿಲ್ಲ. ಅದು ಎಲ್ಲರ ತೊಡೆಯಂತೆ ಒಂದು ತೊಡೆ, ಹಳೆಯ ಹೊಲಿಗೆಯ ಉದ್ದನೆಯ ಗೆರೆ ಎಳೆದದ್ದು. ಐದು ತಿಂಗಳ ಹಿಂದೆ ಬಾಗಿಲಾಚೆ ಅವನು ಹೆದರಿ ನಿಂತದ್ದು ಇಷ್ಟಕ್ಕೇ.

ಮುರಿದ ಪಟ್ಟಿ ಬಂತು. ಸ್ಕ್ರೂಗಳು ಕೈಯಲ್ಲೇ ಕಿತ್ತು ಬಂದವು. ಅದರಡಿ ಮೂರು ಚೂರು, ಒಣಗಿದ ಸೀಮೆಸುಣ್ಣದಂತೆ. ಅವನ್ನು ಒಂದೊಂದಾಗಿ ಎತ್ತಿದ, ಅವು ಯಾವುದಕ್ಕೂ ಅಂಟಿಕೊಂಡಿರಲಿಲ್ಲ. ಸೈಮೊನೆ ಮುಖ ಪಕ್ಕಕ್ಕೆ ತಿರುಗಿಸಿದರು.

ಮೇಲಿನ ತುದಿಯಲ್ಲಿ ಗರಗಸ ಇಟ್ಟ. ಬಿಲ್ಲೆಯಷ್ಟು ಕತ್ತರಿಸಿ, ಬಟ್ಟೆಯಿಂದ ಒರೆಸಿ ಕಾದ. ಹತ್ತು ಎಣಿಸಿದ. ಒಣಗಿಯೇ ಇತ್ತು. ಇನ್ನೊಂದು ಬಿಲ್ಲೆ ಕತ್ತರಿಸಿದ. ಅಲ್ಲಿ, ಅಂಚಿನಲ್ಲಿ, ಸಾಸಿವೆಯಷ್ಟು ಕೆಂಪು ಮೂಡಿತು. ನೋಡುತ್ತಿದ್ದ ಹಾಗೆ ಸಾಸಿವೆ ಎರಡಾಯಿತು, ನಾಲ್ಕಾಯಿತು.

"ಮೇಲೆ ಸಿಕ್ತು," ಅಂದ. ತಿಲೀಸಾ ಎರಡೂ ಕೈ ಮುಗಿದಳು. ಚೂರುಗಳ ಜಾಗವೂ ಸೇರಿ ಎರಡು ಬೆರಳು ಹೋಗಿತ್ತು, ಇನ್ನೆರಡು ಉಳಿದಿತ್ತು.

ಕೆಳಗಿನ ತುದಿಗೆ ಬಂದ. ಸೈಮೊನೆ ಆವತ್ತು ಅತಿ ಹೆಚ್ಚು ಕೆರೆದದ್ದು ಅಲ್ಲೇ. ಒಂದು ಬಿಲ್ಲೆ. ಒರೆಸಿದ, ಕಾದ. ಮತ್ತೊಂದು. ಒರೆಸಿದ. ಗರಗಸದ ಪುಡಿ ಬೆಳ್ಳಗೆ, ನುಣ್ಣಗೆ ಬಟ್ಟೆಯ ಮೇಲೆ ಬಿತ್ತು. ಬೆರಳಿಟ್ಟು ಅಳೆದ. ಮೂರೂವರೆ.

ಹಸಿರು ಬಟ್ಟೆಯ ಆಚೆಯಿಂದ ಅಕ್ಕನ ದನಿ ಬಂತು. "ರಕ್ತ ಬಂತೇನೋ?"

"ನೋಡ್ತಾ ಇದ್ದೀನಿ ಅಕ್ಕ."

ಇನ್ನೊಂದು ಬಿಲ್ಲೆ ಕತ್ತರಿಸಿದ. ತಿಲೀಸಾ ಬಟ್ಟಲು ಹಿಡಿದಳು, ಅದು ಅದರೊಳಗೆ ಟಣ್ ಎಂದಿತು. ಮನಾಸೆ ಒರೆಸಿ, ಬಗ್ಗಿ, ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದ. ಹತ್ತು ಎಣಿಸಿದ, ಇಪ್ಪತ್ತು ಎಣಿಸಿದ. ನಾಲ್ಕು ಬೆರಳು ಮುಗಿದಿತ್ತು.

"ಬಂತೇನೋ ಮನಾಸೆ?" ಅಕ್ಕ ಮತ್ತೆ ಕೇಳಿದಳು.

"ಇನ್ನೂ ಇಲ್ಲ ಅಕ್ಕ," ಅಂದ. ಇನ್ನೊಂದು ಬಿಲ್ಲೆಗೆಂದು ಅವನ ಕೈ ಗರಗಸವನ್ನು ಮತ್ತೆ ಎತ್ತಿಕೊಂಡಿತು.